ಹೊಳೆ ನಡುವಿನ ಸಂಸಾರ

ನಮ್ಮನೆಯವರಿಗೆ ಕಾವೇರಿಯ ಒಂದು ನಡುಗಡ್ಡೆಯಲ್ಲಿ ಇನ್ನೊಂದು ಸಂಸಾರವಿದೆ ಎಂದು ಚಾಮರಾಜಪೇಟೆಯ ನಮ್ಮ ಬೀದಿಗೆಲ್ಲ ಗೊತ್ತಿತ್ತು. ಎಲ್ಲರಿಗಿಂತ ಕೊನೆಗೆ ಗೊತ್ತಾದದ್ದು ನನಗೆ. ಇಂಥ ಸುದ್ದಿ ಹೆಂಡತಿಗೆ ಕೊನೆಗೇ ತಾನೆ ಮುಟ್ಟುವುದು?

ಬೀದಿಯವರನ್ನು ದೂರಲಾರೆ. ವಾರಕ್ಕೆ ಆರು ದಿನ ಚಿಕ್ಕಪೇಟೆಯ ಅಂಗಡಿಯಲ್ಲಿ ಸೀರೆ ಬಿಚ್ಚಿ ತೋರಿಸಿ ಮತ್ತೆ ಮಡಿಸಿಡುವ ಮನುಷ್ಯ, ತಿಂಗಳಿಗೊಂದು ಭಾನುವಾರ ಇಸ್ತ್ರಿ ಷರಟು ಹಾಕಿ, ಹಣೆಗೆ ವಿಭೂತಿ ಧರಿಸಿ, ಬಿಸ್ಕತ್ತಿನ ಪೊಟ್ಟಣಗಳನ್ನು ಚೀಲಕ್ಕೆ ತುಂಬಿಕೊಂಡು ಕಲಾಸಿಪಾಳ್ಯದಲ್ಲಿ ಮೊದಲ ಬಸ್ಸು ಹತ್ತಿದರೆ ಯಾರಾದರೂ ಏನೆಂದುಕೊಳ್ಳಬೇಕು? ಸಂಜೆ ಕಾಲಿಗೆ ಕೆಸರು ಮೆತ್ತಿಕೊಂಡು, ಮುಖದ ತುಂಬ ನಗು ಹೊತ್ತು ಬರುತ್ತಿದ್ದರು. ಎಲ್ಲಿಗೆ ಹೋಗಿದ್ದಿರಿ ಎಂದರೆ ಚರ್ಚಿಗೆ ಎನ್ನುತ್ತಿದ್ದರು. ದಿನಾ ಲಿಂಗಪೂಜೆ ಮಾಡುವವರು ಚರ್ಚಿಗೆ ಹೋಗಿದ್ದೆ ಎಂದರೆ ನಂಬಲು ನಾನೇನು ಅಷ್ಟು ಪೆದ್ದಿಯೇ?

ಒಂದು ಭಾನುವಾರ ನಾನೂ ಬರುತ್ತೇನೆ ಎಂದೆ. ಅವರು ಗಾಬರಿಯಾಗಲಿಲ್ಲ. ನನಗೆ ಅದೇ ಗಾಬರಿಯಾಯಿತು. ಬಸ್ಸು ಇಳಿದು ಎರಡು ಮೈಲಿ ನಡೆದು, ಇನ್ನಾಸಪ್ಪ ಎಂಬ ಮುದುಕರು ಹುಟ್ಟು ಹಾಕುವ ತೆಪ್ಪದಲ್ಲಿ ಕೂತು ಆಚೆ ದಡ ಸೇರಿದೆವು. ಅಲ್ಲಿ ಎರಡು ಚರ್ಚು, ನಲವತ್ತು ಮನೆ, ಹುಣಸೆಮರಗಳು ಮತ್ತು ಒಂದು ಸ್ಮಶಾನ ಇದ್ದವು. ನಮ್ಮನೆಯವರು ಅವನ್ನೆಲ್ಲ ಒಂದೊಂದಾಗಿ, ಬೀಗರನ್ನು ಪರಿಚಯ ಮಾಡಿಸುವ ಹಾಗೆ ನನಗೆ ಪರಿಚಯ ಮಾಡಿಸಿದರು. ಇದು ಹಳೇ ಚರ್ಚಿನ ಮಣ್ಣಿನ ಗೋಡೆ, ಬೆಳಗಿನ ಬಿಸಿಲಿನಲ್ಲಿ ಫೋಟೋ ಚೆನ್ನಾಗಿ ಬರುತ್ತದೆ. ಇದು ಹೊಸ ಚರ್ಚಿನ ಕಿಟಕಿ, ಇದಕ್ಕೆ ಮೂರು ಗಂಟೆಯವರೆಗೆ ಕಾಯಬೇಕು. ಸವತಿ ಇರುವುದೇ ಆದರೆ ಹೀಗೆ ಮಣ್ಣು ಗಾರೆಯಲ್ಲಿ ಕಟ್ಟಿದವಳೇ ಇರಲಿ ಎಂದುಕೊಂಡು ನಾನು ಬುತ್ತಿ ಬಿಚ್ಚಿದೆ.

ಆ ಊರಿನವರೊಬ್ಬರು ಅಂಗಡಿಯಲ್ಲಿ ಇವರ ಜೊತೆ ಕೆಲಸಕ್ಕಿದ್ದರು. ಅವರ ಮಗಳ ಮದುವೆಗೆ ಹೋದವರು, ಊಟ ಮುಗಿಸಿ ಬರುವ ಬದಲು ಊರಿಗೇ ಮನಸ್ಸು ಕೊಟ್ಟು ಬಂದಿದ್ದರು. ಅದಾದ ತಿಂಗಳೇ ಯಾರದೋ ಹಳೆಯ ಡಬ್ಬಿ ಕ್ಯಾಮೆರಾ ಕೊಂಡು, ಬಿಸ್ಕತ್ತಿನ ಚೀಲದ ತಳದಲ್ಲೇ ಇಟ್ಟಿದ್ದರಂತೆ. ಕತ್ತು ಬಗ್ಗಿಸಿ ಮೇಲಿನಿಂದ ಗಾಜಿನೊಳಗೆ ನೋಡಬೇಕು. ಒಂದು ರೀಲಿಗೆ ಹನ್ನೆರಡೇ ಫೋಟೋ. ಬೆಂಗಳೂರಿನಲ್ಲಿ ಇಲ್ಲದ ಚರ್ಚೇ, ಇಲ್ಲದ ಮರವೇ, ಅಷ್ಟು ದೂರ ಯಾಕೆ ಎಂದು ಕೇಳಿದೆ.

"ಬೆಂಗಳೂರನ್ನ ಎಲ್ಲಿಗೆ ಅಂತ ನಿಲ್ಲಿಸೋದೆ? ಇವತ್ತು ಬಸವನಗುಡಿ ಮುಗೀತು ಅಂದ್ಕೊಂಡ್ರೆ ನಾಳೆ ಅದರಾಚೆ ಇನ್ನೊಂದು ಬಡಾವಣೆ. ಆ ಊರಿಗಾದರೆ ಸುತ್ತ ನೀರಿದೆ. ಒಂದಲ್ಲ ಒಂದು ದಿನ ತೆಗೆದು ಮುಗಿಯುತ್ತೆ."

ಫೋಟೋದ ಜೊತೆಗೆ ಊರಿನ ಚರಿತ್ರೆಯನ್ನೂ ಬರೆದುಕೊಳ್ಳುತ್ತಿದ್ದರು. ಹಳೇ ಚರ್ಚಿನ ಗಂಟೆ ಎಲ್ಲಿಂದ ಬಂತು ಎಂದು ಇನ್ನಾಸಪ್ಪನವರನ್ನು ಕೇಳಿದರೆ, ತಮ್ಮ ತಾತ ಹೆಗಲ ಮೇಲೆ ಹೊತ್ತು ತಂದದ್ದು ಎಂದರು. ಪಕ್ಕದ ಮನೆಯಲ್ಲಿ ಕೇಳಿದರೆ ಅವರ ತಾತ ತಂದದ್ದು. ನಾಲ್ಕನೆಯ ಮನೆ ದಾಟುವ ಹೊತ್ತಿಗೆ ನಾಲ್ಕು ತಾತಂದಿರು ಬೇರೆ ಬೇರೆ ಕಾಲದಲ್ಲಿ ಒಂದೇ ಗಂಟೆಯನ್ನು ಹೊತ್ತು ತಂದಿದ್ದರು. ಇವರು ನಾಲ್ವರ ಹೆಸರನ್ನೂ ಬರೆದುಕೊಂಡರು. ಯಾರದು ನಿಜ ಎಂದು ನಾನು ಕೇಳಿದ್ದಕ್ಕೆ, "ದೊಡ್ಡ ಗಂಟೆ ಕಣೆ, ನಾಲ್ಕು ಜನ ಬೇಕೇ ಬೇಕು" ಎಂದರು.

ಊರಿನವರಿಗೆ ಇದೆಲ್ಲ ಖುಷಿ. ಕಷ್ಟ ಬಂದದ್ದು ನಮ್ಮತ್ತೆಗೆ. ನನಗೆ ಗೊತ್ತಾದ ಮೇಲೆ ಫೋಟೋಗಳನ್ನು ಮನೆಯಲ್ಲೇ ತೊಳೆಯತೊಡಗಿದರು. ಅದಕ್ಕೆ ಕತ್ತಲೆ ಬೇಕು, ನೀರು ಬೇಕು. ಎರಡೂ ಇರುವ ಜಾಗ ನಮ್ಮ ಮನೆಯಲ್ಲಿ ಬಚ್ಚಲು ಒಂದೇ. ಊರಿಂದ ಬಂದ ಮುಂದಿನ ಭಾನುವಾರ ಬೆಳಿಗ್ಗೆ ಕಿಟಕಿಗೆ ಕಂಬಳಿ ಕಟ್ಟಿ, ಕೆಂಪು ಬಲ್ಬು ಹಾಕಿ, ಒಳಗಿನಿಂದ ಚಿಲಕ ಜಡಿದುಕೊಂಡರೆ ಮುಗಿಯಿತು. ನಮ್ಮತ್ತೆ ಸ್ನಾನ ಮಾಡದೆ ಪೂಜೆ ಮಾಡುವವರಲ್ಲ, ಪೂಜೆ ಮಾಡದೆ ಹನಿ ಕಾಫಿ ಮುಟ್ಟುವವರಲ್ಲ. ಟವೆಲು ಹೆಗಲಿಗೆ ಹಾಕಿಕೊಂಡು ಬಚ್ಚಲ ಬಾಗಿಲ ಮುಂದೆ ಮಣೆ ಹಾಕಿ ಕೂರುತ್ತಿದ್ದರು.

"ಇನ್ನೂ ಎಷ್ಟು ಚರ್ಚು ಬಾಕಿ ಇದೆಯೋ ಒಳಗೆ?" ಎಂದು ಕೇಳುವರು.

"ಎರಡೇ ಅಮ್ಮಾ."

"ಬೇಗ ಕಟ್ಟಿ ಮುಗಿಸಪ್ಪಾ. ತಲೆ ಸುತ್ತುತ್ತಿದೆ."

ಆದರೂ ಹಿತ್ತಿಲ ತಂತಿಯ ಮೇಲೆ, ಒದ್ದೆ ಲಂಗಗಳ ಪಕ್ಕ ಕನ್ಯಾಮರಿಯಮ್ಮನ ಫೋಟೋ ನೇತಾಡುವುದನ್ನು ಕಂಡು ನನ್ನನ್ನು ಬೈದವರೂ ಅವರೇ. ಯಾರ ದೇವರಾದರೇನು, ಲಂಗದ ಪಕ್ಕ ಒಣಗಿಸುತ್ತಾರೆಯೇ ಎಂದು ತಾವೇ ತಂದು ಪೂಜೆಯ ಗೂಡಿನ ಮುಂದೆ ದಾರ ಕಟ್ಟಿಸಿದರು. ಅಲ್ಲಿಂದ ಮುಂದೆ ನಮ್ಮ ಮನೆಯಲ್ಲಿ ಊದಿನಕಡ್ಡಿಯ ಹೊಗೆ ಎಲ್ಲರಿಗೂ ಸಮವಾಗಿ ಸಿಗುತ್ತಿತ್ತು.

ಹೀಗೆ ಒಂಬತ್ತು ವರ್ಷ ನಡೆಯಿತು. ಗೋಡೆ, ಗೋರಿ, ಮರ, ದಡ ಎಲ್ಲ ಆಲ್ಬಮ್ಮಿಗೆ ಬಂದವು. ಬಾಕಿ ಉಳಿದದ್ದು ಮೊದಲನೇ ಪುಟದ ಒಂದು ಫೋಟೋ: ಎರಡೂ ಕವಲು ತುಂಬಿ ಹರಿಯುವಾಗ, ಈಚೆ ದಡದ ಗುಡ್ಡದ ನೆತ್ತಿಯಿಂದ, ಇಡೀ ನಡುಗಡ್ಡೆ. ಬೇಸಿಗೆಯಲ್ಲಿ ಒಂದು ಕವಲು ಒಣಗಿ ಅದು ನಡುಗಡ್ಡೆಯೇ ಆಗಿರುವುದಿಲ್ಲ. ಹೊಳೆ ಪೂರ್ತಿ ತುಂಬುವುದು ವರ್ಷದಲ್ಲಿ ನಾಲ್ಕೈದು ದಿನ. ಆ ಪುಟವನ್ನು ಖಾಲಿ ಬಿಟ್ಟಿದ್ದರು. ಅದೊಂದು ಬಂದರೆ ಮುಗಿಯಿತು, ಆಮೇಲೆ ಭಾನುವಾರಗಳೆಲ್ಲ ನಿನ್ನವೇ ಎನ್ನುತ್ತಿದ್ದರು.

ಒಂದು ವರ್ಷ ಗುಡ್ಡ ಹತ್ತಿ ನಿಂತಾಗ ಮೋಡ ಇಳಿದು ಹೊಳೆಯೂ ಕಾಣಲಿಲ್ಲ, ಗುಡ್ಡವೂ ಕಾಣಲಿಲ್ಲ. ಇನ್ನೊಂದು ವರ್ಷ ರೀಲು ತಿರುಗಿಸುವುದನ್ನು ಮರೆತು ಒಂದರ ಮೇಲೆ ಒಂದು ತೆಗೆದರು. ಕಾವೇರಿಯ ಮಧ್ಯದಲ್ಲಿ ಗಂಟೆ ನೇತಾಡುತ್ತಿತ್ತು. ಮರುವರ್ಷ ನೀರು ಬಂದ ಕೂಡಲೇ ತಿಳಿಸಿ ಎಂದು ಅಲ್ಲಿನ ಪಾದ್ರಿಗಳಿಗೆ ಹೇಳಿ ಬಂದರು. ಅವರು ತಪ್ಪದೆ ಕಾರ್ಡು ಬರೆದರು. ಕಾರ್ಡು ಬರುವಷ್ಟರಲ್ಲಿ ನೀರು ತಮಿಳುನಾಡು ಸೇರಿತ್ತು. ಮುಂದಿನ ಸಲ ತಂತಿ ಕೊಡಿ ಎಂದು ಕೇಳಿಕೊಂಡರು.

ಆ ಮುಂದಿನ ಸಲದ ಹೊತ್ತಿಗೆ ಇವರಿಗೆ ಎದೆನೋವು ಬಂದು ಎಂಟು ದಿನ ಆಸ್ಪತ್ರೆಯಲ್ಲಿದ್ದು ಬಂದಿದ್ದರು. ಮೆಟ್ಟಿಲು ಹತ್ತಬೇಡಿ ಎಂದು ಡಾಕ್ಟರು ಹೇಳಿದ್ದರು. ಗುಡ್ಡಕ್ಕೆ ಮೆಟ್ಟಿಲೇ ಇಲ್ಲವಲ್ಲ ಎಂದು ಇವರು ನನಗೆ ಸಮಾಧಾನ ಹೇಳಿದರು!

ಒಂದು ಮಧ್ಯಾಹ್ನ ತಂತಿಯವನು ಬಂದ. ನಮ್ಮ ಬೀದಿಯಲ್ಲಿ ತಂತಿ ಬಂತೆಂದರೆ ಯಾರೋ ಹೋದರೆಂದೇ ಅರ್ಥ. ಎದುರು ಮನೆಯ ಗೌರಮ್ಮನವರು ಒಲೆ ಆರಿಸಿ, ಸೆರಗು ಬಾಯಿಗೆ ಒತ್ತಿಕೊಂಡು, ಅಳುವುದಕ್ಕೆ ಸಿದ್ಧರಾಗಿಯೇ ಬಂದರು. ಹಿಂದೆ ಇನ್ನೂ ಐದಾರು ಜನ.

"ಯಾರು ಹೋದ್ರಪ್ಪಾ?" ಎಂದರು ಗೌರಮ್ಮ.

"ಯಾರೂ ಹೋಗಿಲ್ಲ ಗೌರಮ್ಮನೋರೆ, ಬಂದಿದೆ. ನೀರು ಬಂದಿದೆ" ಎಂದರು ನಮ್ಮನೆಯವರು.

ಅಷ್ಟು ಸಂತೋಷದ ಮುಖದ ಮುಂದೆ ಅಳುವುದು ಹೇಗೆ? ಗೌರಮ್ಮನವರು ಕಾಫಿ ಕುಡಿದು ಎದ್ದು ಹೋದರು.

ಮರುದಿನ ಮೊದಲ ಬಸ್ಸಿಗೆ ನಾನೂ ಹೊರಟೆ, ಇವರನ್ನು ಗುಡ್ಡ ಹತ್ತಗೊಡಬಾರದು ಎಂದು. ನಾನು ತಡೆಯಬೇಕಾಗಲಿಲ್ಲ. ಗುಡ್ಡದ ಬುಡ ಮುಟ್ಟುವ ಮೊದಲೇ ಉಸಿರು ಕಟ್ಟಿ ಒಂದು ಬಂಡೆಯ ಮೇಲೆ ಕೂತರು. ಕ್ಯಾಮೆರಾವನ್ನು ತಮ್ಮ ಕೊರಳಿನಿಂದ ತೆಗೆದು ನನ್ನ ಕೊರಳಿಗೆ ಹಾಕಿದರು.

"ರೀಲಿನಲ್ಲಿ ಒಂದೇ ಫೋಟೋ ಬಾಕಿ ಇದೆ. ಗಾಜಿನಲ್ಲಿ ಎಡ ಬಲ ಅದಲುಬದಲಾಗಿ ಕಾಣುತ್ತೆ. ನೀನು ಬಲಕ್ಕೆ ತಿರುಗಿದರೆ ಅದು ಎಡಕ್ಕೆ ಓಡುತ್ತೆ. ಹೆದರಬೇಡ."

ನಾನು ಹತ್ತಿದೆ. ಕೆಂಪು ನೀರಿನ ನಡುವೆ ನಡುಗಡ್ಡೆ ಎಣ್ಣೆಗೆ ಬಿಟ್ಟ ವಡೆಯ ಹಾಗೆ ಕೂತಿತ್ತು. ಗಾಜಿನೊಳಗೆ ಎರಡು ಚರ್ಚು, ಎರಡು ಕವಲು, ಎಲ್ಲವೂ ಬಂತು. ಅಷ್ಟರಲ್ಲಿ ಕೆಳಗಿನಿಂದ ಅವರು ಏನೋ ಕೂಗಿದರು. ತಿರುಗಿದೆ. ಎದ್ದು ನಿಂತು, ಒಂದು ಕೈ ಬಂಡೆಗೆ ಊರಿ, ಇನ್ನೊಂದು ಕೈಯಲ್ಲಿ ಛತ್ರಿ ಎತ್ತಿ ಬೀಸುತ್ತಿದ್ದರು. ಬಿಸಿಲು ಬಂತು, ಈಗ ತೆಗಿ ಎಂದಿರಬೇಕು. ಹೆಬ್ಬೆರಳಿನ ಉಗುರಿನಷ್ಟು ಚಿಕ್ಕದಾಗಿ ಕಾಣುತ್ತಿದ್ದರು. ನಾನು ಒತ್ತಿದೆ.

ಭಾನುವಾರ ಮೊದಲ ಸಲ ನನ್ನನ್ನು ಬಚ್ಚಲಿನೊಳಗೆ ಕರೆದರು. ತಟ್ಟೆಯ ನೀರಿನಲ್ಲಿ ಬಿಳಿ ಕಾಗದ ಅಲುಗಾಡಿತು. ಮೊದಲು ಛತ್ರಿ ಮೂಡಿತು, ಆಮೇಲೆ ಬಂಡೆ, ಆಮೇಲೆ ಅವರು. ಹೊಳೆಯ ಒಂದು ಹನಿಯೂ ಇರಲಿಲ್ಲ. ಅವರು ಕಾಗದವನ್ನೇ ನೋಡುತ್ತ ನಿಂತರು.

"ಎಡ ಬಲ ಗೊತ್ತಾಗಲಿಲ್ಲ" ಎಂದೆ.

"ಮೊದಲು ಎಲ್ಲರಿಗೂ ಹಾಗೇ ಆಗುತ್ತೆ" ಎಂದು ನನ್ನ ಬೆನ್ನು ತಟ್ಟಿದರು. "ಮುಂದಿನ ವರ್ಷ ಹೊಳೆ ತುಂಬೇ ತುಂಬುತ್ತೆ, ಬಿಡು."

ತುಂಬಿತು. ಅವರು ಹೋಗಿ ಆಗ ಐದು ತಿಂಗಳಾಗಿತ್ತು.

ರೀ, ಅವತ್ತು ನನಗೆ ಎಡ ಬಲ ಚೆನ್ನಾಗಿ ಗೊತ್ತಾಗಿತ್ತು.