ಸತ್ತ ಸುದ್ದಿ ಅಕ್ಕನಿಗೆ ಮುಟ್ಟಿದ್ದು

ನಾನು ಚಿತ್ರ ಬರೆಯುವವನು. ಸಣ್ಣ ಬಜೆಟ್ಟಿನ ಸಿನಿಮಾಗಳಲ್ಲಿ ಪಾರ್ಟೂ ಮಾಡ್ತೀನಿ. ಇವೆರಡೂ ಒಬ್ಬನಿಗೇ ಗಂಟುಬಿದ್ದರೆ ಹೊಸದುರ್ಗದಂಥ ಊರಲ್ಲಿ ನೆಮ್ಮದಿಯಾಗಿ ಒಂದು ಟೀ ಕುಡಿದು ಬರೋಕೂ ಆಗಲ್ಲ, ಏನಾದರೊಂದು ಆಗೇ ಆಗುತ್ತೆ.

ಕಾಲು ಒತ್ತುವ ಗಂಡ

ಹೆಂಡತಿ ಕುರ್ಚಿ ಮೇಲೆ, ಗಂಡ ನೆಲದಲ್ಲಿ ಕೂತು ಅವಳ ಕಾಲು ಒತ್ತುತ್ತಿರುವ ಚಿತ್ರ ಬರೆದು ಚಿತ್ರದುರ್ಗದಲ್ಲಿ ಪ್ರದರ್ಶನಕ್ಕಿಟ್ಟೆ. ಹೆಂಡತಿಗೆ ನಮ್ಮಕ್ಕನ ಮುಖ, ಗಂಡನಿಗೆ ಭಾವನ ಮುಖ. ಹತ್ತಿರದವರ ಮುಖವೇ ತಾನೇ ಕೈಗೆ ಬರೋದು.

ಹಿರಿಯರೊಬ್ಬರು ನೋಡಿ, "ಇದು ನಮ್ಮ ಸಂಸ್ಕೃತೀನ ಏನ್ರಿ?" ಅಂತ ಗದರಿದರು. ಹಿಂದೆ ನಿಂತಿದ್ದ ಅವರ ಹೆಂಡತಿ, "ಅಲ್ದಿದ್ರೂ ಇರ್ಲಿ ಬಿಡ್ರಿ, ನೋಡಾಕೆ ಚೆಂದ ಐತೆ" ಅಂದರು.

ಪೇಪರಿನಲ್ಲಿ ಚಿತ್ರದ ಫೋಟೋ ಬಂತು, ಪಕ್ಕದಲ್ಲಿ ನಂದೂ. ಅಕ್ಕನ ಊರು ತಾಳ್ಯದಲ್ಲಿ ಜನ ಭಾವನನ್ನು ನಿಲ್ಲಿಸಿ ನಿಲ್ಲಿಸಿ ರೇಗಿಸಿದರಂತೆ. ಅಕ್ಕ ಫೋನ್ ಮಾಡಿ, "ಮನೆಯೊಳಗಿಂದು ಬೀದಿಗೆ ತಂದಲ್ಲೋ" ಅಂದು ಕಟ್ ಮಾಡಿದಳು. ಅವತ್ತಿಂದ ಮಾತೇ ಬಿಟ್ಟಳು. ನಾನೇನೋ ಕಲ್ಪನೆ ಮಾಡಿ ಬರೆದಿದ್ದೆ. ಭಾವ ನಿಜವಾಗಲೂ ಕಾಲು ಒತ್ತುತ್ತಾರೆ ಅಂತ ಗೊತ್ತಾಗಿದ್ದೇ ಆವಾಗ.

ಶೇಂಗಾ ಹೊಲದ ಹೆಣ

ಸಿನಿಮಾದಲ್ಲಿ ನನಗೆ ಸಿಗೋದು ಹೆಚ್ಚಾಗಿ ಹೆಣದ ಪಾರ್ಟು. ಮಾತು ಮರೆಯೋ ಭಯವಿಲ್ಲ. ಧರ್ಮಪುರದ ಹತ್ತಿರ, ರಸ್ತೆ ಪಕ್ಕದ ಶೇಂಗಾ ಹೊಲದಲ್ಲಿ ಮೈಗೆಲ್ಲ ಕೆಂಪು ಬಣ್ಣ ಬಳಕೊಂಡು ಮಲಗಿದ್ದೆ. ಕ್ಯಾಮೆರಾ ದೂರದಲ್ಲಿ ಮರದ ಮರೆಗಿತ್ತು. ಹಿರಿಯೂರಿನ ಬಸ್ಸು ಗಕ್ಕನೆ ನಿಂತು, ಜನ ಇಳಿದು ಬಂದು ನೆರೆದರು.

"ಲೇ, ಇವ್ನು ಆ ಕಾಲು ಒತ್ತೋ ಚಿತ್ರ ಬರೆದೋನಲ್ವ?"

"ಅದಕ್ಕೇ ಯಾರೋ ಮುಗ್ಸಿರ್ಬೇಕು."

"ಪಾಪ, ಒಳ್ಳೆ ಕೈ ಇತ್ತು ಕಣೋ."

ಬದುಕಿದ್ದಾಗ ಈ ಮಾತು ಒಬ್ಬರೂ ಅಂದಿರಲಿಲ್ಲ. ಇನ್ನೊಂಚೂರು ಕೇಳೋಣ ಅಂತ ಉಸಿರು ಬಿಗಿಹಿಡಿದೆ. ಅಷ್ಟರಲ್ಲಿ ನಿರ್ದೇಶಕ ಓಡಿಬಂದು, "ಏಳ್ರಿ, ಶಾಟ್ ಹಾಳಾಯ್ತು" ಅಂದ. ಎದ್ದು ಕೂತೆ. ಒಳ್ಳೆ ಕೈ ಅಂದವನೇ ಎಲ್ಲರಿಗಿಂತ ಮೊದಲು ಬಸ್ ಹತ್ತಿದ್ದ.

ತಲೆ ಮೇಲೆ ಕಾಗೆ

ಮಾರಿಕಣಿವೆಯ ನೀರಿನ ದಂಡೆಯಲ್ಲೂ ಹೆಣವೇ. ಅಲುಗದೆ ಮಲಗಿದ್ದೆನಲ್ಲ, ಕಾಗೆಯೊಂದು ಬಂದು ತಲೆ ಮೇಲೆ ಕೂತಿತು. ನಿರ್ದೇಶಕನಿಗೆ ಭಾರಿ ಖುಷಿ. ಮನೆಗೆ ಬಂದು ಹೇಳಿದರೆ, ಮುದ್ದೆ ತಿರುವುತ್ತಿದ್ದ ಅಮ್ಮನ ಕೈ ಅಲ್ಲೇ ನಿಂತಿತು. ಕಾಗೆ ತಲೆ ಮುಟ್ಟಿದರೆ ಸಾವು ಹತ್ತಿರ ಅಂತ ನಮ್ಮ ಕಡೆ ನಂಬಿಕೆ. ಅದಕ್ಕೆ ಪರಿಹಾರವೂ ಉಂಟು. ಆತ ಸತ್ತ ಅಂತ ಹತ್ತಿರದವರಿಗೆ ಸುಳ್ಳು ಸುದ್ದಿ ಮುಟ್ಟಿಸಬೇಕು. ಅವರು ಅತ್ತರೆ ದೋಷ ಕಳೆಯಿತು, ಆಮೇಲೆ ನಿಜ ಹೇಳೋದು.

"ನಿಮ್ಮಕ್ಕಂಗೇ ಹೇಳ್ತೀನಿ" ಅಂದಳು ಅಮ್ಮ.

ನನ್ನನ್ನು ಎತ್ತಿ ಆಡಿಸಿದವಳು ಅಕ್ಕ. ಅವಳು ಮಾತು ಬಿಟ್ಟಾಗಿನಿಂದ ಹಬ್ಬದೂಟವೂ ಗಂಟಲಲ್ಲಿ ಇಳಿದಿರಲಿಲ್ಲ. ಈಗ ಸುದ್ದಿ ಕೇಳಿಯೂ ಅವಳು ಅಳದಿದ್ದರೆ? ಕಾಗೆಗಿಂತ ನನಗೆ ಅದೇ ದೊಡ್ಡ ಹೆದರಿಕೆ.

ಅಮ್ಮ ಸ್ಪೀಕರ್ ಹಾಕಿ, "ನಿನ್ ತಮ್ಮ ಹೋಗ್ಬಿಟ್ಟ ಕಣೇ" ಅಂದಳು.

"ಯಾವ ಸಿನಿಮಾದಾಗೆ?" ಅಂದಳು ಅಕ್ಕ.

"ನಿಜವಾಗ್ಲೂ ಕಣೇ" ಅನ್ನುತ್ತ ಅನ್ನುತ್ತ ಅಮ್ಮನಿಗೇ ಅಳು ಬಂದುಬಿಟ್ಟಿತು. ಅದನ್ನು ಕೇಳಿ ಅಕ್ಕ ಹಾಡಿಕೊಂಡು ಅಳತೊಡಗಿದಳು. "ನನ್ನ ರಾಣಿ ಹಂಗೆ ಕೂರಿಸಿ ಬರೆದಿದ್ದೆಯಲ್ಲೋ ತಮ್ಮಾ, ಆ ಚಿತ್ರ ನೋಡಿ ನೋಡಿ ನಾನೇ ಹಿಗ್ಗಿದ್ದೆನಲ್ಲೋ, ಚೆಂದ ಐತೆ ಅಂತ ನಿಂಗೊಂದು ಮಾತು ಹೇಳಲಿಲ್ಲವಲ್ಲೋ..."

ನನಗೆ ತಡೆಯೋಕಾಗಲಿಲ್ಲ. "ಅಕ್ಕಾ, ಇದೀನಿ ಕಣಕ್ಕ" ಅಂದುಬಿಟ್ಟು ಕಾಗೆ ಕಥೆ ಹೇಳಿದೆ.

ಮೂಗು ಒರೆಸಿಕೊಂಡ ಸದ್ದು ಕೇಳಿತು. "ಥೂ ನಿನ್ನ. ಹಂಗಾದ್ರೆ ಈಗ ಅಂದಿದ್ದೆಲ್ಲ ವಾಪಸ್" ಅಂದಳು. ಆದರೆ ಫೋನ್ ಇಡಲಿಲ್ಲ.

ಅವಳ ಹಿಂದಿನಿಂದ ಭಾವನ ದನಿ ಬಂತು. "ಬದುಕಿದಾನಾ? ಹಂಗಾದ್ರೆ ಕೇಳು ಅವನ್ನ. ಕಾಲು ಒತ್ತಿಸಿದ್ದು ಇರ್ಲಿ, ನಂಗ್ಯಾಕೆ ತೂತು ಬನಿಯನ್ ಹಾಕಿದ್ದ ಅಂತ."