ಗಿಯರ್ ಸೈಕಲ್ಲಿನ ಅಭ್ಯಂಜನ

ಮಗನಿಗೆ ಸೈಕಲ್ಲು ಕೊಡಿಸಿದ ಅಪ್ಪನನ್ನು ಮನೆಯವರು ಹೊಗಳಬೇಕು. ನಮ್ಮ ಮನೆಯಲ್ಲಿ ಮೂಗು ಮುಚ್ಚಿಕೊಳ್ಳುತ್ತಾರೆ.

ನಾನು ಜಟ್ಟಪ್ಪ. ಹುಟ್ಟಿದ್ದು ಅಂಕೋಲೆಯ ಕಡಲ ದಂಡೆಯ ದೋಣಿಯವರ ಮನೆಯಲ್ಲಿ. ಈಗ ಕಾರವಾರದ ಸರ್ಕಾರಿ ಕಚೇರಿಯಲ್ಲಿ ಗುಮಾಸ್ತ, ಶಿರವಾಡದಲ್ಲಿ ಬಾಡಿಗೆ ಮನೆ. ಮಗ ರೂಪೇಶ ಹತ್ತನೇ ಕ್ಲಾಸು. ಒಂದು ದಿನ ಶಾಲೆಯಲ್ಲಿ ಯಾರೋ ಅವನ ಅಂಗಿ ಮೂಸಿ ‘ಬಂಗಡೆ ಮೀನು’ ಎಂದನಂತೆ, ಕ್ಲಾಸೆಲ್ಲ ನಕ್ಕಿತಂತೆ. ಹುಡುಗ ಮನೆಗೆ ಬಂದು ಅಂಗಿಯನ್ನು ತಾನೇ ತೊಳೆದ. ಮರುದಿನವೂ ತೊಳೆದ. ನಾನು ಲೆಕ್ಕ ಹಾಕಿದೆ. ಅದೇ ಕ್ಲಾಸಿನ ಸುಜಯನ ಗಿಯರ್ ಸೈಕಲ್ಲಿನ ಪಟಾಲಮ್ಮಿಗೆ ಇವನೂ ಸೇರಿದರೆ ಆಮೇಲೆ ಯಾರು ಮೂಸುತ್ತಾರೆ? (ಅಪ್ಪ ಆಫೀಸರ್ ಎಂದು ರೂಪೇಶ ಸುಜಯನಿಗೆ ಹೇಳಿಕೊಂಡಿದ್ದ. ಗುಮಾಸ್ತನೂ ಆಫೀಸಿನಲ್ಲೇ ಇರುತ್ತಾನೆ, ಪೂರ್ತಿ ಸುಳ್ಳಲ್ಲ.)

ಅಂಗಡಿಯಲ್ಲಿ ಹಗುರವಾದ ಸೈಕಲ್ಲು ನನ್ನ ಸಂಬಳಕ್ಕೆ ಭಾರ, ಸಂಬಳಕ್ಕೆ ಹಗುರವಾದದ್ದು ಎತ್ತಲು ಭಾರ. ಎರಡನೆಯದನ್ನೇ ತಂದೆ. ಹಿಂದೆ ಮುಂದೆ ಸ್ಪ್ರಿಂಗು, ಎಮ್ಮೆಯ ಹೊಟ್ಟೆಯಂಥ ಟಯರು.

“ಇದು ಗುಡ್ಡ ಹತ್ತೂ ಸೈಕಲ್ಲು” ಎಂದೆ.

“ಮೊದ್ಲು ನಮ್ಮನೆ ಮೆಟ್ಲು ಹತ್ಸಿ” ಎಂದಳು ಹೆಂಡತಿ ದುರ್ಗಾ. “ಸಾದಾ ಸೈಕಲ್ ಸಾಕಾಗಿತ್ತು. ಈ ಕಬ್ಣ ಉಪ್ಪು ಗಾಳೀಗೆ ಎಷ್ಟ್ ದಿನ ತಡೀತದೆ?”

ಅವಳ ನಾಲಿಗೆಯಲ್ಲಿ ಮಚ್ಚೆ ಇದೆ, ಆಡಿದ್ದು ಆಗುತ್ತದೆ. ಮಳೆಗಾಲಕ್ಕೆ ಮೊದಲೇ ಸ್ಪ್ರಿಂಗು ಕೆಂಪಾಯಿತು. ಆಗ ನನ್ನೊಳಗಿನ ಏಳು ತಲೆಮಾರು ಒಟ್ಟಿಗೇ ಎಚ್ಚೆತ್ತವು. ನಮ್ಮಪ್ಪನ ದೋಣಿ ಮೀನೆಣ್ಣೆ ಕುಡಿದೇ ಮುಪ್ಪಿನತನಕ ಬಾಳಿತ್ತು. ಉಪ್ಪು ನೀರು ಅದರ ಕೂದಲನ್ನೂ ಕೊಂಕಿಸಿರಲಿಲ್ಲ. ಭಾನುವಾರ ಅಂಕೋಲೆಗೆ ಹೋಗಿ ಒಂದು ಡಬ್ಬಿ ತಾರ್ಲೆ ಮೀನಿನ ಎಣ್ಣೆ ತಂದೆ. ಮಗ ಟ್ಯೂಷನ್ನಿಗೆ ಹೋದಾಗ ಸೈಕಲ್ಲಿಗೆ ಶಾಸ್ತ್ರೋಕ್ತ ಅಭ್ಯಂಜನ ಮಾಡಿಸಿದೆ. ಸೀಟನ್ನೂ ಬಿಡಲಿಲ್ಲ.

ಮಧ್ಯಾಹ್ನದ ಬಿಸಿಲಿಗೆ ಶಿರವಾಡದ ಬೆಕ್ಕುಗಳೆಲ್ಲ ನಮ್ಮ ಅಂಗಳಕ್ಕೆ ದಯಮಾಡಿಸಿದವು.

“ನಿಮ್ಗೆ ತಲೆ ಅದ್ಯಾ?” ದುರ್ಗಾ ಸೆರಗು ಮೂಗಿಗೆ ಒತ್ತಿ ಕೂಗಿದಳು. “ಅದು ಸೈಕಲ್ಲೋ ದೋಣಿಯೋ?”

“ತುಕ್ಕು ಹಿಡೀಬಾರ್ದು ಅಂದೇಳಿ...”

ರೂಪೇಶ ಸೋಪು ಹಚ್ಚಿದ, ಹುಣಸೆಹಣ್ಣು ತಿಕ್ಕಿದ. ಎಣ್ಣೆ ಒಣಗಿ ವಾರ್ನಿಶಿನಂತೆ ಕೂತಿತ್ತು. ಕೊನೆಗೆ ಬ್ರಶ್ಶು ಕೆಳಗಿಟ್ಟು ಅಂದ: “ಅಪ್ಪಾ, ಅಂಗಿ ಆದ್ರೆ ತೊಳೂಕೆ ಬತ್ತಿತ್ತು.”

ಅವನು ಬೈದಿದ್ದರೆ ನಾನು ತಿರುಗಿ ಬೈಯುತ್ತಿದ್ದೆ. ಬೈಯಲಿಲ್ಲ. ಚೀಲ ಹೆಗಲಿಗೇರಿಸಿ ನಡೆದೇ ಶಾಲೆಗೆ ಹೋಗತೊಡಗಿದ.

“ತಂದದ್ದು ನೀವು, ಹೊಡೂದೂ ನೀವೇ” ಎಂದು ದುರ್ಗಾ ತೀರ್ಪಿತ್ತಳು. ಹೀಗೆ ನಾನು ಇನ್‌ಶರ್ಟ್ ಮಾಡಿಕೊಂಡು ಗುಡ್ಡ ಹತ್ತುವ ಸೈಕಲ್ಲಿನಲ್ಲಿ ಕಚೇರಿಗೆ ಹೊರಟೆ, ಬೆಕ್ಕೊಂದು ಹಿಂದೆ. ದಾರಿಯಲ್ಲೇ ಸುಜಯನ ಮನೆ. ಗೇಟಿನಿಂದ ಅವನ ತಾಯಿ ರಂಜನಾಬಾಯಿ ತಾಟು ಹಿಡಿದು ಓಡಿಬಂದರು. ನನ್ನನ್ನು ಅವರು ಎಂದೂ ಕಂಡವರಲ್ಲ.

“ಏಯ್ ಮೀನಿನವ್ನೇ, ನಿಲ್ಲೋ! ಬಂಗಡೆ ಅದ್ಯೇನೋ?”

ಬ್ರೇಕು ಹಾಕಿ ತಿರುಗಿದೆ. ಗೇಟಿನೊಳಗೆ, ಶಾಲೆಗೆ ಹೊರಟ ಸುಜಯನ ಪಕ್ಕ ರೂಪೇಶ ನಿಂತಿದ್ದ. ನನ್ನ ಮುಖ ನೋಡಿದ. ಆಮೇಲೆ ತನ್ನ ಚಪ್ಪಲಿ ನೋಡಿಕೊಂಡ. ನಾನು ಆಫೀಸರ್ ಎಂಬುದು ನನಗೆ ನೆನಪಾಯಿತು.

“ಇವತ್ತು ಮುಗೀತು, ಅಮ್ಮಾ” ಎಂದೆ.

“ನಾಳೆ ಬೇಗ ಬಾ. ತಾಜಾ ತಾ.”

ಸಂಜೆ ಮಗ ಅಡುಗೆಮನೆಗೆ ಹೋಗಿ ತಾಯಿಯ ಕಿವಿಯಲ್ಲಿ ಏನೋ ಹೇಳಿದ. ಊಟಕ್ಕೆ ಕೂತಾಗ ದುರ್ಗಾಳೇ ದನಿ ತಗ್ಗಿಸಿ ಹೇಳಿದಳು: “ನಾಳೆ ಸುಜಯನ ಮನೀಗೆ ಬಂಗಡೆ ಕೊಡೂಕಂತೆ. ಕೊಡ್ದಿದ್ರೆ ನೀವು ಮೀನಿನವ್ರಲ್ಲ ಅಂತ ಅವ್ರಿಗೆ ಸಂಶಯ ಬತ್ತದಂತೆ. ಇನ್‌ಶರ್ಟ್ ಮಾಡೂದು ಬ್ಯಾಡ ಅಂದ ರೂಪೇಶ.”

ಕೊಡುತ್ತಿದ್ದೇನೆ. ರಂಜನಾಬಾಯಿ ಬಹಳ ಚೌಕಾಸಿ ಮಾಡುತ್ತಾರೆ. ಸೈಕಲ್ಲಿಗೆ ಮಾತ್ರ ಈವರೆಗೆ ತುಕ್ಕು ಹಿಡಿದಿಲ್ಲ.