ಕಾಕಾ ಆನ್ ದ ವೇ ಹೋಮ್

ನಮ್ಮ ಕಾಕಾ ಈ ಭೂಮಿಯ ಮೇಲೆ ಒಂದೇ ಒಂದು ಜಾಗದಲ್ಲಿ ಸಿಗುತ್ತಾರೆ. ದಾರಿಯಲ್ಲಿ! ಬೇಕಾದರೆ ಫೋನ್ ಮಾಡಿ ನೋಡಿ. ಅವರು ಅಥಣಿಯಲ್ಲಿರಲಿ, ಕಾಗವಾಡದಲ್ಲಿರಲಿ, ನಿಮ್ಮ ಪಕ್ಕದ ಕುರ್ಚಿಯಲ್ಲೇ ಕುಳಿತಿರಲಿ, ಉತ್ತರ ಮಾತ್ರ ಬದಲಾಗುವುದಿಲ್ಲ. "ಆನ್ ದ ವೇ ಹೋಮ್!"

ಕಾಕಾ ಎಂದರೆ ನನ್ನ ಅಪ್ಪನ ತಮ್ಮ, ಅವರ ಹೆಂಡತಿ ನನಗೆ ಕಾಕು. ಏಕಸಂಬಿಯಲ್ಲಿ ಅವರಿಗೆ ಡ್ರಿಪ್ ಪೈಪಿನ ಅಂಗಡಿ ಇದೆ. ಕಬ್ಬು, ದ್ರಾಕ್ಷಿ ಬೆಳೆಯುವವರಿಗೆಲ್ಲ ತಾವೇ ಟೆಂಪೊದಲ್ಲಿ ಪೈಪು ಹೇರಿಕೊಂಡು ಹೋಗಿ ಮುಟ್ಟಿಸುತ್ತಾರೆ. ಇಂಗ್ಲಿಷ್ ಅವರಿಗೆ ಶಾಲೆ ಕೊಟ್ಟದ್ದಲ್ಲ. ಶಾಲೆ ಅವರಿಗೆ ಏನನ್ನೂ ಕೊಡಲಿಲ್ಲ, ಅವರೂ ಕೈ ಚಾಚಲಿಲ್ಲ. ಈ ಒಂದು ಮಾತು ಸಿಕ್ಕಿದ್ದು ನಿಪ್ಪಾಣಿಯ ಚಹಾದಂಗಡಿಯಲ್ಲಿ. ಇನ್‌ಶರ್ಟ್ ಮಾಡಿದ ಒಬ್ಬ ಗೃಹಸ್ಥ ಹೆಂಡತಿಯ ಫೋನಿಗೆ "ಆನ್ ದ ವೇ ಹೋಮ್" ಎಂದು ಹೇಳಿ ಇನ್ನೊಂದು ಕಪ್ ಚಹಾ ತರಿಸಿಕೊಂಡನಂತೆ.

"ಅಂವ ಅಷ್ಟ ಅಂದಾ ನೋಡವ್ವಾ, ಆ ಕಡಿ ಬಾಯಿ ಬಂದ್!" ಎಂದು ಕಾಕಾ ನನಗೆ ವಿವರಿಸಿದ್ದರು. "ಕನ್ನಡದಾಗ ಬರಾಕತ್ತೀನಿ ಅಂದ್ರ ನಿಮ್ಮ ಕಾಕು ಬಿಡತಾಳೇನ? ಎಲ್ಲಿ ಅದೀರಿ, ಯಾವ ಹಾದಿ, ಜೋಡಿ ಯಾರದಾರ... ಇಂಗ್ಲಿಷ್‌ನ್ಯಾಗ ಹೇಳಿದ್ರ ವಿಷಯ ಖಲಾಸ!"

ಖಲಾಸ್ ಆಯಿತೇ? ಕೇಳಿ.

ಒಂದು ಬೆಳಿಗ್ಗೆ ಕಾಕಾ ಬಚ್ಚಲಿನಲ್ಲಿದ್ದರು. ರಾಯಬಾಗದ ರೈತರೊಬ್ಬರ ಫೋನ್ ಬಂತು. ಪೈಪಿಗಾಗಿ ಕಾದು ಕಾದು ಅವರಿಗೆ ಸಾಕಾಗಿತ್ತು. ಕಾಕಾ ತಲೆಯ ಸಾಬೂನನ್ನೂ ತೊಳೆಯದೆ ಬಾಗಿಲ ಸಂದಿಯಿಂದ ಕೈ ಚಾಚಿ ಫೋನ್ ಇಸಿದುಕೊಂಡರು. "ಪೈಪ ಹೇರಿಕೊಂಡ ಹೊಂಟೀನ್ರಿ! ನಿಮಗ ಕೊಟ್ಟು ಹಂಗ ಆನ್ ದ ವೇ ಹೋಮ್!"

"ಆಗಲ್ರಿ, ಸಾವಕಾಶ ಬರ್ರಿ," ಎಂದಿತು ಆ ಧ್ವನಿ. "ನಾ ನಿಮ್ಮ ಮನಿ ಕಟ್ಟಿ ಮ್ಯಾಲ ಕುಂತೀನಿ. ವೈನಿಯವರು ಚಾ ಕೊಟ್ಟಾರ. ನೀರ ಬಿಸಿ ಅದಾವಿಲ್ರಿ?"

ಇನ್ನೊಬ್ಬರಾಗಿದ್ದರೆ ಅಂದೇ ಈ ಮಾತನ್ನು ಬಿಟ್ಟುಬಿಡುತ್ತಿದ್ದರು. ಕಾಕಾ ಮೈ ಒರೆಸಿಕೊಂಡು ಹೊರಬಂದು, "ನೋಡ್ರಿ, ಹೇಳಿದಂಗ ಬಂದ ಬಿಟ್ಟೆ!" ಎಂದರು. ಇಂಥ ಆತ್ಮವಿಶ್ವಾಸವನ್ನು ನಾನು ವಿಶ್ವವಿದ್ಯಾಲಯದಲ್ಲೂ ನೋಡಿಲ್ಲ.

ಮುಂದೆ ಈ ಮಾತು ಫೋನಿನ ಹೊರಗೂ ಬಂತು. ಕರೆಂಟು ಹೋದರೆ, "ತಡಿ, ಆನ್ ದ ವೇ ಹೋಮ್ ಐತಿ." ಕಳೆದುಹೋದ ಬೆಕ್ಕು? ಆನ್ ದ ವೇ ಹೋಮ್. ಒಮ್ಮೆ ಸಂಬಂಧಿಕರೊಬ್ಬರು ತೀರಿಕೊಂಡಾಗ ಮಾತಾಡಿಸಿ ಬರಲು ಹೋಗಿದ್ದೆವು. ಎಲ್ಲರೂ ತಲೆ ತಗ್ಗಿಸಿ ಕುಳಿತಿದ್ದರು. ಏನಾದರೂ ಸಮಾಧಾನ ಹೇಳಬೇಕಲ್ಲ ಎಂದು ಕಾಕಾ ತೀರಿಕೊಂಡವರ ಹೆಂಡತಿಯ ಮುಂದೆ ಗಂಟಲು ಸರಿಮಾಡಿಕೊಂಡರು. "ದುಃಖ ಮಾಡಬ್ಯಾಡ ಆಯಿ. ಅಜ್ಜಾರು ಆನ್ ದ ವೇ ಹೋಮ್ ಅದಾರ ಅಂತ ತಿಳ್ಕೊ."

ನಾನು ನೆಲದ ಫರಸಿಯೊಳಗೆ ಇಳಿದುಹೋಗುವ ದಾರಿ ಹುಡುಕುತ್ತಿದ್ದೆ. ಆ ಆಯಿ ಸೆರಗಿನಿಂದ ಕಣ್ಣೊರೆಸಿಕೊಂಡು ಕಾಕಾರ ಮುಖವನ್ನೇ ನೋಡಿದರು. "ನಿನ್ನಂಗ ಹೊಂಟಾರೇನಪಾ? ಹಂಗಾದ್ರ ಇನ್ನೂ ಇಲ್ಲೇ ಎಲ್ಲೋ ಚಾ ಕುಡಕೋತ ಕುಂತಿರಬೇಕ ಬಿಡು!" ಮನೆಯೆಲ್ಲ ನಕ್ಕಿತು. ಎಷ್ಟೋ ದಿನಗಳ ಮೇಲೆ ಆ ಆಯಿ ನಕ್ಕಿದ್ದು ಅಂದೇ ಎಂದು ಆಮೇಲೆ ಅವರ ಸೊಸೆ ಹೇಳಿದರು. ಹೀಗಿರುವಾಗ ಕಾಕಾರನ್ನು ಬೈಯುವುದಾದರೂ ಹೇಗೆ?

ಬೈಯಬೇಕಾದ ಕಾರಣ ಮಾತ್ರ ಅಡುಗೆಮನೆಯಲ್ಲಿತ್ತು.

ನಾವು ಜೈನರು. ನಮ್ಮ ಮನೆಯಲ್ಲಿ ಹೊತ್ತು ಮುಳುಗುವುದರೊಳಗೆ ಊಟ ಮುಗಿಯಬೇಕು, ಆಮೇಲೆ ಯಾರೂ ಏನೂ ತಿನ್ನುವುದಿಲ್ಲ. ಇದು ಎಲ್ಲರ ನಿಯಮ. ಇದರ ಮೇಲೆ ಕಾಕು ತಮ್ಮದೇ ಒಂದನ್ನು ಹೇರಿಕೊಂಡಿದ್ದರು. ಕಾಕಾ ಉಣ್ಣದೆ ತಾವು ಉಣ್ಣುವುದಿಲ್ಲ. ಈಗ ಲೆಕ್ಕ ಹಾಕಿ! ಸೂರ್ಯ ಪಶ್ಚಿಮಕ್ಕೆ ವಾಲುತ್ತಾನೆ, ಕಾಕು ಫೋನ್ ಮಾಡುತ್ತಾರೆ, ಕಾಕಾ ಆನ್ ದ ವೇ ಹೋಮ್. ಹಿಂದಿನಿಂದ ಯಾರೋ ಮರಾಠಿಯಲ್ಲಿ ದ್ರಾಕ್ಷಿ ಹರಾಜಿನ ದರ ಕೂಗುತ್ತಿರುತ್ತಾರೆ.

"ಹಾದ್ಯಾಗ ದ್ರಾಕ್ಷಿ ಸವಾಲ ನಡದೈತೇನ್ರಿ?"

"ರೇಡಿಯೋ ಅದು!"

ಸೂರ್ಯ ಮಾತ್ರ ಯಾರ ಇಂಗ್ಲಿಷನ್ನೂ ನಂಬುವವನಲ್ಲ. ಅವನು ಹೇಳಿದ ಹೊತ್ತಿಗೆ ಮನೆಗೆ ಹೋಗಿಬಿಡುತ್ತಿದ್ದ. ಕಾಕಾ ಬಂದಾಗ ಕತ್ತಲಾಗಿರುತ್ತಿತ್ತು. ತಾಟುಗಳನ್ನು ಬೋರಲು ಹಾಕಿ ಇಬ್ಬರೂ ಉಪವಾಸ. ಇದು ಎಷ್ಟೋ ವರ್ಷ ನಡೆಯಿತು, ಇಬ್ಬರೂ ಗಟ್ಟಿಯಾಗಿಯೇ ಇದ್ದರು. ಆಮೇಲೆ ಕಾಕುಗೆ ಶುಗರ್ ಬಂತು. ಗುಳಿಗೆ ನುಂಗಿ ಊಟ ತಪ್ಪಿಸಬಾರದೆಂದು ಚಿಕ್ಕೋಡಿಯ ಡಾಕ್ಟರು ಖಡಾಖಂಡಿತವಾಗಿ ಹೇಳಿದ್ದರು. ಕಾಕು ಗುಳಿಗೆಯನ್ನು ನಿಯಮದಂತೆ ನುಂಗಿದರು, ಊಟವನ್ನೂ ನಿಯಮದಂತೆ ತಪ್ಪಿಸಿದರು. ಒಂದು ಸಂಜೆ ಒಲೆಯ ಕಟ್ಟೆ ಹಿಡಿದುಕೊಂಡೇ ಕುಸಿದರು.

ಕಾಕಾ ಬಂದಾಗ ನಾವು ಕಾಕುವಿನ ಬಾಯಿಗೆ ಸಕ್ಕರೆ ನೀರು ಹಾಕಿ ಮಲಗಿಸಿದ್ದೆವು. ವ್ರತ ಮುರಿಯಿತೆಂದು ಕಾಕು ಅಳುತ್ತಿದ್ದರು. ಕಾಕಾ ಬಾಗಿಲಲ್ಲೇ ನಿಂತರು.

ಮರುದಿನ ಮನೆಯವರದೇ ಪಂಚಾಯಿತಿ ಸೇರಿತು. ಓದಿದವಳೆಂದು ನನ್ನನ್ನು ನಡುವೆ ಕೂರಿಸಿದರು. "ಕಾಕು, ನೀವು ಮೊದಲ ಉಂಡಬಿಡ್ರಿ," ಎಂದೆ. ಅವರು ನನ್ನನ್ನು ಸಣ್ಣ ಮಗುವನ್ನು ನೋಡುವಂತೆ ನೋಡಿದರು.

"ಅವರು ಹಾದ್ಯಾಗ ಹಸಗೊಂಡ ಬರೂಮುಂದ ನನಗ ತುತ್ತ ಇಳಿತೈತೇನ ತಂಗಿ? ಅವರು ಉಣ್ಣೂದು ಕಣ್ಣಿಲೆ ಕಾಣಬೇಕು."

ಹಾಗಾದರೆ ಕಾಣಲಿ ಎಂದೆ. ಅಂದಿನಿಂದ ಕಾಕಾ ಟೆಂಪೊದಲ್ಲಿ ಊಟದ ಡಬ್ಬಿ ಒಯ್ಯತೊಡಗಿದರು. ತಡವಾದರೆ ಎಲ್ಲಿದ್ದರೂ ಗಾಡಿ ನಿಲ್ಲಿಸಿ ವಿಡಿಯೊ ಕಾಲ್ ಮಾಡಬೇಕು. ಕಾಕು ಫೋನನ್ನು ಶೇಂಗಾಚಟ್ನಿಯ ಡಬ್ಬಿಗೆ ಒರಗಿಸಿ ಕೂರುತ್ತಾರೆ. ಅವರು ಅಲ್ಲಿ, ಇವರು ಇಲ್ಲಿ, ಊಟ ಒಟ್ಟಿಗೆ. ವ್ಯವಸ್ಥೆ ಎಷ್ಟು ಚೆನ್ನಾಗಿ ನಡೆಯಿತೆಂದರೆ ಕಬ್ಬಿನ ಹೊಲದ ಬದುವಿನಲ್ಲಿ ಕುಳಿತ ಗಂಡನಿಗೆ ಕಾಕು ಏಕಸಂಬಿಯಿಂದಲೇ "ಇನ್ನೊಂದು ಭಕ್ರಿ ಹಾಕ್ಕೋರಿ" ಎಂದು ಒತ್ತಾಯ ಮಾಡುತ್ತಿದ್ದರು!

ಕಳೆದ ಚಳಿಗಾಲದಲ್ಲಿ ನಾನು ನನ್ನ ಪಿಎಚ್‌ಡಿ ಪ್ರಬಂಧದ ಕೆಲಸಕ್ಕೆ ಕೊಲ್ಲಾಪುರದ ಲೈಬ್ರರಿಗೆ ಹೋಗಿದ್ದೆ. ಕಾಕಾ ಅಲ್ಲಿಗೆ ಸಾಮಾನು ತರಲು ಬಂದಿದ್ದರಿಂದ ಅವರ ಟೆಂಪೊದಲ್ಲೇ ಹೊರಟೆ. ವ್ಯಾಪಾರಿ ಮಧ್ಯಾಹ್ನವೆಲ್ಲ ಕಾಯಿಸಿದ್ದ, ಡಬ್ಬಿಯ ಊಟವನ್ನು ಅಲ್ಲೇ ನಾವಿಬ್ಬರೂ ಮುಗಿಸಿದ್ದೆವು. ಕೊಗನೊಳ್ಳಿಯ ಟೋಲ್ ನಾಕಾದ ಹತ್ತಿರ ಬರುವಾಗ ಲಾರಿಗಳ ಸಾಲು ನಿಂತಿತ್ತು. ಸೂರ್ಯ ಕಬ್ಬಿನ ಸೂಲಂಗಿ ಹೂವಿಗೆ ತಾಗುವಷ್ಟು ಇಳಿದಿದ್ದ. ಕಾಕಾ ಒಮ್ಮೆ ಅವನನ್ನು ನೋಡಿದರು, ಒಮ್ಮೆ ಸಾಲನ್ನು ನೋಡಿದರು, ಟೆಂಪೊ ರಸ್ತೆಯ ಬದಿಗೆ ತಂದು ನಿಲ್ಲಿಸಿದರು. ಫೋನನ್ನು ಸ್ಟೇರಿಂಗ್ ಮುಂದೆ ಒರಗಿಸಿದರು. ಆಮೇಲೆ ಖಾಲಿ ಡಬ್ಬಿಯನ್ನು ತೊಡೆಯ ಮೇಲಿಟ್ಟುಕೊಂಡು ಮುಚ್ಚಳ ತೆರೆದರು.

ನಾನು ಬಾಯಿ ತೆರೆಯುವಷ್ಟರಲ್ಲಿ ಕಾಕು ಕಾಣಿಸಿಕೊಂಡರು.

"ತಡಾ ಆತು. ಕುಂದರು, ಉಣ್ಣೂಣು," ಎಂದರು ಕಾಕಾ. ಕೈಯನ್ನು ಡಬ್ಬಿಯೊಳಗೆ ಇಳಿಸಿ, ಏನೋ ಮುರಿದು, ಏನೋ ಅದ್ದಿ, ಬಾಯಿಗಿಟ್ಟುಕೊಂಡು ಅಗಿಯತೊಡಗಿದರು.

ಕಾಕು ಕೈಯಲ್ಲಿ ತುತ್ತು ಹಿಡಿದು ಪರದೆಯ ಹತ್ತಿರಕ್ಕೆ ಬಾಗಿದರು. "ಬದನಿಕಾಯಿ ಹೆಂಗ ಆಗೇತ್ರಿ?"

"ಉಪ್ಪ ಕಮ್ಮಿ."

"ನಿಮಗ ಎಂದ ಬರೋಬ್ಬರಿ ಆಗೇತಿ!" ಎಂದವರು ತಕ್ಷಣ ನನ್ನ ಕಡೆ ತಿರುಗಿದರು. "ತಂಗಿ, ಖರೇ ಉಣ್ಣಾಕತ್ತಾರಿಲ್ಲ ನಿಮ್ಮ ಕಾಕಾ?"

ಪ್ರಬಂಧದಲ್ಲಿ ಒಂದು ಅಡಿಟಿಪ್ಪಣಿ ತಪ್ಪಿದರೂ ನನಗೆ ನಿದ್ದೆ ಬರುವುದಿಲ್ಲ. "ಹೂಂ ಕಾಕು," ಎಂದೆ, "ಉಣ್ಣಾಕತ್ತಾರ."

ಕಾಕು ತುತ್ತನ್ನು ಬಾಯಿಗಿಟ್ಟರು. ಅವರು ಒಂದು ತುತ್ತು, ಇವರು ಒಂದು ತುತ್ತು. ತಾಟು ಖಾಲಿಯಾಗುವವರೆಗೆ ಕಾಕಾ ಅವರನ್ನೇ ನೋಡುತ್ತ ಉಂಡರು. ಕಾಕು ನೀರು ಕುಡಿದು, ಗುಳಿಗೆ ನುಂಗಿದ ಖಾಲಿ ಪೊಟ್ಟಣ ತೋರಿಸಿ, ಫೋನ್ ಇಟ್ಟರು. ಹೊಲದಾಚೆ ಕೆಂಪು ಮಾತ್ರ ಉಳಿದಿತ್ತು.

ಕಾಕಾ ಡಬ್ಬಿ ಮುಚ್ಚಿದರು. ಗಾಡಿ ಚಾಲು ಮಾಡಿ ಲಾರಿಗಳ ಸಾಲಿಗೆ ಸೇರಿಸಿದರು. ಅವರ ದವಡೆ ಇನ್ನೂ ಅಗಿಯುತ್ತಲೇ ಇತ್ತು.